‘ಅಕ್ಕಾ, ಇದನ್ನೆಲ್ಲ ಇವರು ಕನಸಿನಲ್ಲಿ ಕಂಡರೇ?’

ಊರಿನಿಂದ ಮುಂಬಯಿಗೆ ಬಂದ ನೆಂಟರನ್ನು ಗೇಟ್‌ವೇ ತೋರಿಸಿ ಹಾಗೆಯೇ ಹಿಂದಕ್ಕೆ ಕರೆತರಲು ನನಗೆ ಮನಸ್ಸಾಗುವುದಿಲ್ಲ. ಅಲ್ಲಿಂದ ನಡೆದು ಹೋಗುವಷ್ಟೇ ದೂರದಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಇನ್ನೂ ಸ್ವಲ್ಪ ಮುಂದೆ ಜಹಾಂಗೀರ್ ಗ್ಯಾಲರಿ. ಕೆ.ಕೆ. ಹೆಬ್ಬಾರರ ಚಿತ್ರ ಎದುರಾದರೆ ಎಲ್ಲರ ಮುಖ ಅರಳುತ್ತದೆ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದವರು, ನಮ್ಮವರು. ಪ್ರಭಾಕರ ಬರ್ವೆಯವರ ಚಿತ್ರ ಸಿಕ್ಕಿತೆಂದರೆ ಮಾತ್ರ ಮಾತು ನಿಲ್ಲುತ್ತದೆ. ಎಲೆ, ಗಡಿಯಾರ, ಶಂಖ, ಮೋಡ ಯಾವ ಆಸರೆಯೂ ಇಲ್ಲದೆ ಒಂದು ಖಾಲಿ ಬಯಲಿನಲ್ಲಿ ತೇಲುತ್ತಿರುತ್ತವೆ. ಆಗ ಈ ಪ್ರಶ್ನೆ ಬರುತ್ತದೆ. ಚಿತ್ರಕಲೆಯ ಟೀಚರ್ ಆದ ನನ್ನನ್ನು ತರಗತಿಯ ಮಕ್ಕಳೂ ಇದನ್ನೇ ಕೇಳುತ್ತಾರೆ.

ಇಲ್ಲ ಎನ್ನುತ್ತೇನೆ. ಕಣ್ಣು ಮುಚ್ಚಿದವರಿಗೆ ಇಷ್ಟು ಖಚಿತವಾದ ಎಲೆ ಸಿಗುವುದಿಲ್ಲ.

ಬರ್ವೆ 1936ರಲ್ಲಿ ಕೊಂಕಣದ ನಾಗಾವ್‌ನಲ್ಲಿ ಹುಟ್ಟಿದರು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, 1961ರಲ್ಲಿ ನೇಕಾರರ ಸೇವಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿ ಕಾಶಿಗೆ ಹೋದರು. ಅಲ್ಲಿ ಕಂಡ, ತಂತ್ರಸಾಧನೆಯವರು ಬಳಸುವ ರೇಖಾಕೃತಿಗಳು ಅವರ ಆ ಕಾಲದ ಚಿತ್ರಗಳಲ್ಲಿ ತುಂಬಿವೆ. ವಿಮರ್ಶಕರು ಅದನ್ನು ಬಹಳ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ನೇಯ್ಗೆಯ ಕೆಲಸ. ಸೀರೆಯ ಸೆರಗಿಗೆ ಎಲೆ ಬರೆಯುವವರು ಮರವನ್ನು ಬಿಡಬೇಕು, ಟೊಂಗೆಯನ್ನು ಬಿಡಬೇಕು. ನೂಲಿನ ಲೆಕ್ಕಕ್ಕೆ ಒಗ್ಗುವಂತೆ ಅಂಚಿನ ಗೆರೆಯೊಂದನ್ನು ಉಳಿಸಿಕೊಳ್ಳಬೇಕು. ಹಾಗೆ ಮರದಿಂದ ಬಿಡಿಸಿಕೊಂಡ ಎಲೆ ಎಲ್ಲಿ ಬೇಕಾದರೂ ಹೋಗಿ ನಿಲ್ಲಬಲ್ಲದು, ಗಡಿಯಾರದ ಪಕ್ಕದಲ್ಲಿಯೂ.

ಬಣ್ಣವನ್ನೂ ನೋಡಿ. ಕ್ಯಾನ್ವಾಸಿನ ಮೇಲೆ ಅವರು ಬಳಸಿದ್ದು ಹೆಚ್ಚಾಗಿ ಎನಾಮಲ್, ನಾವು ಕಿಟಕಿಯ ಸರಳಿಗೆ, ಕಬ್ಬಿಣದ ಗೇಟಿಗೆ ಹಚ್ಚುವ ಡಬ್ಬಿಯ ಬಣ್ಣ. ಅದು ಹರಿದು ತಾನೇ ಸಮವಾಗುತ್ತದೆ. ತೈಲವರ್ಣದ ಹಾಗೆ ಕುಂಚದ ಗೆರೆಗಳು ಎದ್ದು ನಿಲ್ಲುವುದಿಲ್ಲ. ಚಿತ್ರ ಬರೆದ ಕೈ ಕಾಣುವುದೇ ಇಲ್ಲ, ವಸ್ತುಗಳು ತಾವಾಗಿ ಬಂದು ಕುಳಿತಂತೆ ಇರುತ್ತವೆ. ಕನಸಿನಲ್ಲಿಯೂ ಹೀಗೆಯೇ ಅಲ್ಲವೇ? ಅಜ್ಜಿಯ ಮನೆಯ ಜಗಲಿಯಲ್ಲಿ ರೈಲು ನಿಂತಿರುತ್ತದೆ, ಯಾರು ತಂದು ನಿಲ್ಲಿಸಿದರು ಎಂದು ನಾವು ಕೇಳುವುದಿಲ್ಲ. ಚಿತ್ರದ ಮುಂದೆ ನಮಗೆ ಆಗುವ ಆ ಅನುಭವವನ್ನು ಬರ್ವೆ ಎಚ್ಚರದಲ್ಲಿ, ಲೆಕ್ಕ ಹಾಕಿ ಕಟ್ಟಿದರು. ಅವರು ತೀರಿಕೊಂಡದ್ದು 1995ರಲ್ಲಿ. 2019ರಲ್ಲಿ ಇದೇ ರಾಷ್ಟ್ರೀಯ ಗ್ಯಾಲರಿಯಲ್ಲಿ ಅವರ ಸಮಗ್ರ ಪ್ರದರ್ಶನ ನಡೆದಾಗ ದಿನಚರಿ ಪುಸ್ತಕಗಳನ್ನೂ ಇಟ್ಟಿದ್ದರು. ನಾನು ಚಿತ್ರಗಳಿಗಿಂತ ಹೆಚ್ಚು ಹೊತ್ತು ಅವುಗಳ ಮುಂದೆಯೇ ನಿಂತಿದ್ದೆ.

ಮಕ್ಕಳಿಗೆ ಇಷ್ಟೆಲ್ಲ ಹೇಳುವುದಿಲ್ಲ. ನಮ್ಮ ಕಟ್ಟಡದ ಮುಂದೆ ಒಂದು ಕಾಡುಬಾದಾಮಿ ಮರವಿದೆ. ಅದರ ಎಲೆಗಳು ಉದುರುವ ಮುನ್ನ ಕೆಂಪಾಗುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಎಲೆ ಕೊಟ್ಟು, ಅರ್ಧ ಗಂಟೆ ಪೆನ್ಸಿಲ್ ಮುಟ್ಟಬಾರದು, ಬರೀ ನೋಡಬೇಕು ಎನ್ನುತ್ತೇನೆ. ಮೊದಲ ಹತ್ತು ನಿಮಿಷ ಗಲಾಟೆ. ಆಮೇಲೆ ಒಬ್ಬೊಬ್ಬರೇ ಸುಮ್ಮನಾಗುತ್ತಾರೆ.

ಕಳೆದ ವರ್ಷ ಒಬ್ಬ ಹುಡುಗನಿಗೆ ಸಿಕ್ಕಿದ್ದು ಹುಳ ತಿಂದ ಎಲೆ. ಬೇರೆಯದು ಕೊಡಿ ಎಂದು ಅವನು ಕೇಳಲಿಲ್ಲ. ಅದನ್ನು ಕಣ್ಣಿಗೆ ಹಿಡಿದು ಕುಳಿತ. ಕೊನೆಗೆ ಹಾಳೆಯ ತುಂಬ ಎಲೆ ಬರೆದ, ಅದರ ತೂತಿನೊಳಗೆ ಎದುರು ಕಟ್ಟಡದ ಕಿಟಕಿ, ಕಿಟಕಿಯಲ್ಲಿ ಒಣಗಲು ಹಾಕಿದ ಒಂದು ನೀಲಿ ಅಂಗಿ. ಪಕ್ಕದಲ್ಲಿದ್ದ ಹುಡುಗಿ ಬಗ್ಗಿ ನೋಡಿ, “ಇದು ಕನಸಾ?” ಎಂದಳು.

“ಅಲ್ಲ, ಇಲ್ಲೇ ಇದೆ,” ಎಂದು ಅವನು ಎಲೆಯನ್ನು ಅವಳ ಕೈಗೆ ಕೊಟ್ಟ.