ಮದ್ದಳೆಗಿಂತ ಮೊದಲು ಬಂದ ಪದ

ಕಾಸರಗೋಡಿನ ಕುಂಬಳೆ ಸೀಮೆಯಲ್ಲಿ ಹುಟ್ಟಿದವರಿಗೆ ಯಕ್ಷಗಾನದ ಮೊದಲ ಪಾಠ ಎಂದು ಆಯಿತೆಂದು ಹೇಳುವುದು ಕಷ್ಟ. ರಾಮಾಯಣದ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ನೆಲವಿದು. ಅವನ ಪದಗಳನ್ನು, ಅಂದರೆ ಪ್ರಸಂಗದ ಹಾಡುಗಳನ್ನು, ನನ್ನ ಅಜ್ಜಿ ಅಡಿಕೆ ಸುಲಿಯುತ್ತಾ ಹೇಳುತ್ತಿದ್ದರು. ಸಿಪ್ಪೆ ಬಿಚ್ಚುವ ಸದ್ದೇ ಅವರಿಗೆ ತಾಳವಾಗಿತ್ತು. ಬೈಲಿನ ಗದ್ದೆಯಲ್ಲಿ ಆಟವಿದ್ದ ದಿನ ಸಂಜೆ ಆಟವುಂಟೆಂದು ಸಾರುವ ‘ಕೇಳಿ’ ಬಡಿದರೆ ಚೆಂಡೆಯ ಸದ್ದು ಗುಡ್ಡ ದಾಟಿ ನಮ್ಮ ಜಗಲಿಗೆ ಮುಟ್ಟುತ್ತಿತ್ತು, ಮತ್ತೆ ನನಗೆ ಊಟ ಸೇರುತ್ತಿರಲಿಲ್ಲ.

ಹನ್ನೆರಡನೆಯ ವಯಸ್ಸಿನಲ್ಲಿ ಕಲಿಯಲು ಹೋದಾಗ ಗುರುಗಳು ಮದ್ದಳೆ ಮುಟ್ಟಗೊಡಲಿಲ್ಲ. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ ಎಂದು ಕೈಯಲ್ಲಿ ತಾಳ ಹಾಕಿ ಬಾಯಿತಾಳ ಹೇಳುವುದರಲ್ಲೇ ಒಂದು ಮಳೆಗಾಲ ಕಳೆಯಿತು. ಆಮೇಲೆ ಮದ್ದಳೆಯ ಬಲ ಮುಚ್ಚಿಗೆಯ ಕರ್ಣೆಯ, ಅಂದರೆ ನಡುವಿನ ಕಪ್ಪು ಲೇಪದ, ಅಂಚಿನಲ್ಲಿ ಬೆರಳು ಎಲ್ಲಿ ಬಿದ್ದರೆ ನಾದ ನಿಲ್ಲುತ್ತದೆ, ಎಲ್ಲಿ ಬಿದ್ದರೆ ಒಡೆಯುತ್ತದೆ ಎಂಬುದನ್ನು ನನ್ನ ಬೆರಳು ಹಿಡಿದೇ ತೋರಿಸಿದರು.

ನಾಲ್ಕು ವರ್ಷಗಳ ಬಳಿಕ ಊರಿನಲ್ಲಿ ವೇಷ, ಕುಣಿತವಿಲ್ಲದೆ ಕುಳಿತು ನಡೆಸುವ ತಾಳಮದ್ದಳೆಯೊಂದರಲ್ಲಿ ನುಡಿಸಲು ಕುಳಿತೆ. ಸೀತೆಯ ಶೋಕದ ಪದ ನಡೆಯುತ್ತಿತ್ತು. ಕಲಿತದ್ದನ್ನೆಲ್ಲ ತೋರಿಸುವ ಉತ್ಸಾಹದಲ್ಲಿ ನಾನು ಪೆಟ್ಟಿನ ಮೇಲೆ ಪೆಟ್ಟು ತುಂಬುತ್ತಿದ್ದಾಗ ಭಾಗವತರು ಹಾಡು ನಿಲ್ಲಿಸದೆಯೇ ಎಡಗೈಯನ್ನು ನನ್ನ ಮದ್ದಳೆಯ ಮೇಲಿಟ್ಟರು. ಮುಗಿದ ಮೇಲೆ, “ಪದ ಗೊತ್ತುಂಟಾ ನಿನಗೆ?” ಎಂದು ಕೇಳಿದರು. ಅಜ್ಜಿಯಿಂದ ಕೇಳಿದ ಪದವೇ ಅದು, ಗೊತ್ತಿದ್ದೂ ಕೇಳಿಸಿಕೊಂಡಿರಲಿಲ್ಲ.

ಮೇಳ ಸೇರಿದ ಮೊದಲ ತಿರುಗಾಟದಲ್ಲಿ ನನ್ನ ಪಾಲಿಗೆ ಬಂದದ್ದು ಪ್ರಸಂಗಕ್ಕೆ ಮೊದಲು ನಡೆಯುವ ಪೂರ್ವರಂಗ. ಕೋಡಂಗಿ, ಬಾಲಗೋಪಾಲರ ಕುಣಿತಕ್ಕೆ, ಪೂರ್ವರಂಗದಲ್ಲಿ ಹಾಡುವ ‘ಸಂಗೀತಗಾರರ’ ಜೊತೆ ನುಡಿಸಿ, ನಡುರಾತ್ರಿ ಮುಖ್ಯ ಭಾಗವತರು ಕುಳಿತುಕೊಳ್ಳುವಾಗ ಎದ್ದು, ಹಿಂದೆ ನಿಂತು ಬೆಳಗಿನವರೆಗೆ ಕೇಳುತ್ತಿದ್ದೆ. ಮೇಳದ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಹೀಗೆ ಕೇಳಿದ್ದೇ ನನ್ನ ನಿಜವಾದ ಅಭ್ಯಾಸ ಎಂದು ಈಗಲೂ ನಂಬಿದ್ದೇನೆ. ನಮ್ಮ ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು (1938–2023) ಏರುಶ್ರುತಿಯಲ್ಲಿ ಹಾಡುವಾಗ ಅಕ್ಷರಗಳು ತಾಳದೊಳಗೆ ಎಷ್ಟು ನಿರಾಳವಾಗಿ ಕೂರುತ್ತಿದ್ದವೆಂದರೆ, ಮದ್ದಳೆಗಾರ ಎಲ್ಲಿ ಸುಮ್ಮನಿರಬೇಕೆಂಬುದು ಆ ಹಾಡಿನಲ್ಲೇ ತಿಳಿಯುತ್ತಿತ್ತು.

ಈಗ ಕಲಿಯಲು ಬರುವ ಮಕ್ಕಳು ಚೆಂಡೆ-ಮದ್ದಳೆಯ ಜುಗಲ್‌ಬಂದಿಯ ವೀಡಿಯೊಗಳನ್ನು ತೋರಿಸಿ ಅದನ್ನೇ ಮೊದಲು ಹೇಳಿಕೊಡಬೇಕೆನ್ನುತ್ತಾರೆ. ಅವರ ಕೈ ಚುರುಕು, ಅದರಲ್ಲಿ ನನಗೆ ಸಂತೋಷವೇ. ಆದರೆ ಪದ ಬಾಯಿಗೆ ಬಾರದವರಿಗೆ ನಾನು ಮದ್ದಳೆ ಕೊಡುವುದಿಲ್ಲ. ನಿನ್ನೆ ಒಬ್ಬ ಹುಡುಗ ಝಂಪೆಯ ಪದವೊಂದನ್ನು ತಾಳ ತಪ್ಪದೆ ಪೂರ್ತಿ ಹೇಳಿದ. ಆದಿತ್ಯವಾರ ಬರುವಾಗ ಅವನಿಗಾಗಿ ಸಣ್ಣ ಮದ್ದಳೆಯನ್ನು ಬಿಗಿದಿಡಬೇಕು.