ಬದಲಿಸಿದ್ದು ಹೆಸರನ್ನು ಮಾತ್ರ
12 ಮಾರ್ಚ್ 2025, ಬುಧವಾರ

ಇಡೀ ದಿನ ಹಳೆಯ ಕ್ಯಾಮೆರಾ ಡ್ರೈವರ್ (ಕ್ಯಾಮೆರಾವನ್ನು ನಡೆಸುವ ಕೋಡ್) ಒಂದರ ಪರಿಶೀಲನೆಯಲ್ಲೇ ಕಳೆಯಿತು. ಅದನ್ನು ಲಿನಕ್ಸ್‌ನ ತಿರುಳಾದ ಕರ್ನಲ್‌ನ 6.12 ಆವೃತ್ತಿಗೆ ಹೊಂದಿಸಬೇಕು. ಅಕ್ಷರಸಾಲನ್ನು ನಕಲಿಸುವ ಸ್ಟ್ರ್‌ಎಲ್‌ಕಾಪಿ ಫಂಕ್ಷನ್ನನ್ನು 6.8ರಲ್ಲೇ ಕಿತ್ತು ಹಾಕಿರುವುದರಿಂದ ಕೋಡ್ ಕಂಪೈಲ್ ಕೂಡ ಆಗುತ್ತಿರಲಿಲ್ಲ. ತಂಡದ ಹುಡುಗ ಒಂದೇ ಏಟಿಗೆ ಎಲ್‌ಕಾಪಿ, ಅದೇ ಕೆಲಸದ ಸ್ಟ್ರ್‌ಎನ್‌ಕಾಪಿ (ಎನ್‌ಕಾಪಿ) ಎಲ್ಲವನ್ನೂ ಸ್ಟ್ರ್‌ಎಸ್‌ಕಾಪಿ (ಎಸ್‌ಕಾಪಿ) ಮಾಡಿ, "ಓವರ್‌ಫ್ಲೋ ಸಮಸ್ಯೆ ಮುಗಿಯಿತು ಸರ್" ಎಂದು ಕಳುಹಿಸಿದ್ದ. ಓವರ್‌ಫ್ಲೋ ಎಂದರೆ ಇಟ್ಟ ಜಾಗ ಮೀರಿ ಪಕ್ಕದ ಮೆಮೊರಿಗೂ ಬರೆದುಬಿಡುವುದು. ಈಗ ಕಂಪೈಲ್ ಆಗುತ್ತದೆ, ಅಷ್ಟು ನಿಜ.

ಎನ್‌ಕಾಪಿಯನ್ನು ಬಿಡಬೇಕಾದದ್ದೇ. ಅವನಿಗೆ ಅದನ್ನು ತೋರಿಸಲೆಂದು ಡ್ರೈವರ್ ಹೆಸರಿನ ಜಾಗದಲ್ಲಿ ‘ಕನ್ನಡಿ’ ಎಂದು ಬರೆದೆ. ಲಿನಕ್ಸ್‌ನ ಕ್ಯಾಮೆರಾ ವ್ಯವಸ್ಥೆಯಾದ ವಿಡಿಯೋ ಫಾರ್ ಲಿನಕ್ಸ್‌ನ ರಚನೆಯಲ್ಲಿ (ಮಾಹಿತಿಯನ್ನು ಸಾಲಾಗಿ ಇಡುವ ಮೆಮೊರಿಯ ಚೌಕಟ್ಟಿನಲ್ಲಿ) ಆ ಹೆಸರಿಗೆ ಇರುವುದು 16 ಬೈಟ್. ಅದಕ್ಕೆ ಅಂಟಿಕೊಂಡೇ ಕಾರ್ಡ್ ಹೆಸರಿನ 32 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಕ, ನ, ಹಲಂತ, ನ, ಡ, ಗುಡಿಸು ಎಲ್ಲ ಸೇರಿ 18. ಎನ್‌ಕಾಪಿ 16 ಬೈಟ್ ತುಂಬಿಸಿ ಕೈತೊಳೆದುಕೊಂಡಿತು, ಕೊನೆಗೆ ಇರಬೇಕಾದ ಸೊನ್ನೆಯನ್ನು ಇಡಲೇ ಇಲ್ಲ. ಓದುವ ಪ್ರೋಗ್ರಾಂಗೆ ಹೆಸರು ಎಲ್ಲಿ ಮುಗಿಯಿತೆಂದು ತಿಳಿಯದೆ ಪಕ್ಕದ ಕಾರ್ಡ್ ಹೆಸರನ್ನೂ ಒಂದೇ ಉಸಿರಿಗೆ ಮುದ್ರಿಸಿತು. ನಡುವೆ, ಗುಡಿಸಿನ ಮೂರು ಬೈಟ್‌ಗಳಲ್ಲಿ ಉಳಿದುಕೊಂಡ ಒಂದು ಬೈಟ್ ಪ್ರಶ್ನಾರ್ಥಕ ಚಿಹ್ನೆ ಹೊತ್ತ ಕಪ್ಪು ಚೌಕವಾಗಿ ಕುಳಿತಿತ್ತು.

ಅದೇ ಸಾಲನ್ನು ಎಸ್‌ಕಾಪಿಗೆ ಬದಲಿಸಿದಾಗ ಅದು 15 ಬೈಟ್ ಬರೆದು, ಸೊನ್ನೆ ಇಟ್ಟು, ಋಣ 7ನ್ನು ಹಿಂದಿರುಗಿಸಿತು. ಜಾಗ ಸಾಲಲಿಲ್ಲ ಎಂದು ಅದರ ಅರ್ಥ. ಪರದೆಯ ಮೇಲೆ ಮೂಡಿದ್ದು ‘ಕನ್ನಡ’. ಹುಡುಗನಿಗೆ ನಗು ಬಂತು. ಪಕ್ಕದ ಮೆಮೊರಿಗೆ ಏನೂ ಆಗಲಿಲ್ಲ, ಆದರೆ ಆ ಋಣ 7ನ್ನು ನೋಡುವವರು ಅವನ ಕೋಡಿನಲ್ಲಿ ಯಾರೂ ಇರಲಿಲ್ಲ. ಕ್ಯಾಮೆರಾದೊಳಗೆ ತುಂಬುವ ಫರ್ಮ್‌ವೇರ್ ಫೈಲಿನ ಹೆಸರೇ ಹೀಗೆ ತುಂಡಾದರೆ ಡ್ರೈವರ್ ಬೇರೆ ಫೈಲನ್ನೇ ಹುಡುಕಿಕೊಂಡು ಹೋಗುತ್ತದೆ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಇನ್ನೊಂದು ಕಡೆ. ಸಹಾಯಕ ಫಂಕ್ಷನ್ ಒಂದು ಬಫರಿನ (ಅಕ್ಷರಗಳನ್ನು ಇಡುವ ಮೆಮೊರಿ ಜಾಗದ) ಪಾಯಿಂಟರ್, ಅಂದರೆ ವಿಳಾಸ, ಮಾತ್ರ ತೆಗೆದುಕೊಳ್ಳುತ್ತದೆ, ಗಾತ್ರ ಕೇಳುವುದಿಲ್ಲ. ಒಳಗೆ 64 ಎಂದು ಅಂಕಿಯಲ್ಲೇ ಬರೆದಿದ್ದಾರೆ. ಅದನ್ನು ಕರೆಯುವವರಲ್ಲಿ ಒಬ್ಬರ ಬಫರ್ 32 ಬೈಟಿನದು. ಇಲ್ಲಿ ಎಸ್‌ಕಾಪಿ ಹಾಕಿದರೂ ಓವರ್‌ಫ್ಲೋ ಇದ್ದಲ್ಲೇ ಇದೆ, ಏಕೆಂದರೆ ಅದು ನಾವು ಹೇಳಿದ ಗಾತ್ರವನ್ನೇ ನಂಬುತ್ತದೆ. ಕಂಪೈಲರ್‌ನ ಗಾತ್ರ ಮೀರಿದರೆ ತಡೆಯುವ ಫೋರ್ಟಿಫೈ ಕಾವಲಿಗೂ ಪಾಯಿಂಟರಿನ ಹಿಂದೆ ಎಷ್ಟು ಜಾಗವಿದೆ ಎಂಬುದು ಕಾಣುವುದಿಲ್ಲ. ಗಾತ್ರವನ್ನೂ ಜೊತೆಗೆ ಕಳುಹಿಸುವಂತೆ ಫಂಕ್ಷನ್ನನ್ನೇ ತಿದ್ದಿಸಿದೆ. ಅರೇ (ಗಾತ್ರ ಗೊತ್ತಿರುವ ಜಾಗ) ನೇರವಾಗಿ ಕೈಯಲ್ಲಿರುವ ಕಡೆಗಳಲ್ಲಿ ಎರಡೇ ಆರ್ಗ್ಯುಮೆಂಟಿನ ಎಸ್‌ಕಾಪಿ ಸಾಕು: ಗಾತ್ರವನ್ನು ಅದೇ ಲೆಕ್ಕ ಹಾಕುತ್ತದೆ, ಪಾಯಿಂಟರ್ ಕೊಟ್ಟರೆ ಕಂಪೈಲ್ ಆಗಲು ಬಿಡುವುದಿಲ್ಲ. ಈ ಹಟಮಾರಿತನ ನನಗೆ ಇಷ್ಟ.

ಖಾಸಗಿ ಐಯೋಕಂಟ್ರೋಲ್ (ಪ್ರೋಗ್ರಾಂ ಡ್ರೈವರ್‌ಗೆ ಕೊಡುವ ಆದೇಶ) ಒಂದರಲ್ಲಿ ಬದಲಾವಣೆಯಿಂದಲೇ ಹೊಸ ತೂತು ಬಿದ್ದಿತ್ತು. ಎನ್‌ಕಾಪಿ ಮಿಕ್ಕ ಜಾಗಕ್ಕೆಲ್ಲ ಸೊನ್ನೆ ತುಂಬುತ್ತದೆ, ಎಸ್‌ಕಾಪಿಗೆ ಆ ಹೊಣೆಯಿಲ್ಲ. ಸ್ಟ್ಯಾಕ್ (ಫಂಕ್ಷನ್ನಿನ ತಾತ್ಕಾಲಿಕ ಮೆಮೊರಿ) ಮೇಲಿನ ಆ ರಚನೆ ಇಡಿಯಾಗಿ ಬಳಕೆದಾರನ ಕಡೆಗೆ ಹೋಗುವಾಗ ಕರ್ನಲ್‌ನ ಹಳೆಯ ಮೆಮೊರಿಯ ಚೂರುಗಳೂ ಹೊರಡುತ್ತವೆ. ಅಲ್ಲಿ ಬೇಕಾದದ್ದು ಮಿಕ್ಕ ಜಾಗಕ್ಕೂ ಸೊನ್ನೆ ತುಂಬುವ ಎಸ್‌ಕಾಪಿ‌ಪ್ಯಾಡ್.

ಡ್ರೈವರ್ ತನ್ನ ವಿವರಗಳನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್ ಭಾಗದಲ್ಲಿ, ಬಫರಿಗೆ ಪಠ್ಯ ಬರೆಯುವ ಎಸ್‌ಎನ್‌ಪ್ರಿಂಟ್‌ಎಫ್ ಕೊಟ್ಟ ಉದ್ದವನ್ನೇ ಕೂಡಿಸುತ್ತ ಹೋಗಿದ್ದಾರೆ. ಅದು ಹೇಳುವುದು ಬರೆದ ಉದ್ದವನ್ನಲ್ಲ, ಜಾಗವಿದ್ದಿದ್ದರೆ ಬರೆಯುತ್ತಿದ್ದ ಉದ್ದವನ್ನು. ಕರ್ನಲ್ 5.10ರಿಂದ, ನಿಜವಾಗಿ ಬರೆದ ಉದ್ದವನ್ನೇ ಹೇಳುವ ಸಿಸ್‌ಎಫ್‌ಎಸ್ ಎಮಿಟ್ ಇರುವಾಗ ಈ ಕೂಡುವ ಲೆಕ್ಕ ಏಕೆ? ತೆಗೆಸಿದೆ.

ಹುಡುಗ ತನ್ನ ತಿದ್ದುಪಡಿಯ ಪ್ಯಾಚನ್ನು ಬಿಡಿಬಿಡಿಯಾಗಿ ಒಡೆದು, ಪ್ರತಿಯೊಂದರಲ್ಲೂ ಆ ಬಫರನ್ನು ಮುಂದೆ ಓದುವವರು ಯಾರು ಎಂದು ಬರೆದು ಮತ್ತೆ ಕಳುಹಿಸುತ್ತಾನೆ. ದೋಷ ಹುಡುಕಲು ಬಳಸುವ ಡಿಬಗ್‌ಎಫ್‌ಎಸ್‌ನ ಬರೆಯುವ ಫಂಕ್ಷನ್ ಇನ್ನೂ ಬಾಕಿ. ಬಳಕೆದಾರ ಕೊಟ್ಟ ಉದ್ದವನ್ನು ಹಾಗೇ ನಂಬಿ 32 ಬೈಟಿನ ಬಫರಿಗೆ ಸುರಿಯುತ್ತಿದ್ದಾರೆ, ಕೊನೆಯ ಸೊನ್ನೆಗೂ ಜಾಗ ಬಿಟ್ಟಿಲ್ಲ. ನಾಳೆ ಬೆಳಿಗ್ಗೆ ಮೊದಲು ಅದೇ.