ವಾಲಿಯ ಬೂದಿ, ಹಣೆಯ ವಿಭೂತಿ

ಶ್ರಾವಣ ಸೋಮವಾರ ಹಂಪಿಯಲ್ಲಿ ವಿರೂಪಾಕ್ಷನ ದರ್ಶನವಾದ ಮೇಲೆ ನಾನು ನಿಂಬಾಪುರಕ್ಕೆ ಹೋಗದೆ ಊರಿಗೆ ಮರಳುವುದಿಲ್ಲ. ವಿಜಯವಿಠ್ಠಲ ದೇವಸ್ಥಾನದಿಂದ ಪೂರ್ವಕ್ಕಿರುವ ಸಣ್ಣ ಊರು ಅದು. ನಾನು ಹೋಗುವುದು ಗುಡಿಗಲ್ಲ, ಒಂದು ಬೂದಿದಿಬ್ಬಕ್ಕೆ. ವಾಲಿಯನ್ನು ದಹನ ಮಾಡಿದ್ದು ಅಲ್ಲಿಯೇ ಎಂದು ಜನ ತಲೆತಲಾಂತರದಿಂದ ನಂಬಿದ್ದಾರೆ. ಮೊದಲ ಸಲ ನನ್ನನ್ನು ಕೈಹಿಡಿದು ಕರೆದೊಯ್ದವರು ನಮ್ಮ ಅಜ್ಜಿ. "ಗೆದ್ದವರಿಗೆ ಎಲ್ಲರೂ ಕೈಮುಗಿಯುತ್ತಾರೆ ಕಂದ, ಸತ್ತವನಿಗೂ ಒಂದು ನಮಸ್ಕಾರ ಇರಲಿ" ಎಂದಿದ್ದರು. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಾರೆ ಅತ್ತದ್ದನ್ನು ಹೇಳುವಾಗ ಅವರ ದನಿ ಕಟ್ಟಿಹೋಗಿತ್ತು.

ಕಾಲೇಜಿಗೆ ಬಂದಾಗ ಬೇರೊಂದು ಸಂಗತಿ ಓದಿದೆ. ಬಳ್ಳಾರಿ ಸೀಮೆಯಲ್ಲಿ ಇಂಥ ಬೂದಿದಿಬ್ಬಗಳು ಹಲವು ಇವೆ. ಕುಡತಿನಿಯದು ಬಹಳ ಪ್ರಸಿದ್ಧ. ಅವು ನವಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ಒಟ್ಟಿ ಸುಟ್ಟ ಸಗಣಿಯ ರಾಶಿಗಳು, ವಯಸ್ಸು ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚು. ತೆಲಂಗಾಣದ ಉಟ್ನೂರಿನಲ್ಲಿ 1957ರಲ್ಲಿ ಉತ್ಖನನ ಮಾಡಿದ ರೇಮಂಡ್ ಆಲ್ಚಿನ್ ಅವರಿಗೆ ಬೂದಿಯ ಪದರದಲ್ಲಿ ದನದ ಗೊರಸಿನ ಗುರುತುಗಳೇ ಸಿಕ್ಕಿದ್ದವು. ಅಜ್ಜಿಯ ವಾಲಿಯನ್ನು ಯಾರೋ ನನ್ನಿಂದ ಕಿತ್ತುಕೊಂಡಂತಾಯಿತು. ಎರಡು ವರ್ಷ ನಾನು ಅತ್ತ ಹೋಗಲಿಲ್ಲ.

ಆ ಮುನಿಸು ಕರಗಿದ್ದು ಒಂದು ಮಠದಲ್ಲಿ, ವಿಭೂತಿ ಮಾಡುವುದನ್ನು ಕಂಡಾಗ. ಆಕಳ ಸಗಣಿಯನ್ನು ಉಂಡೆ ಕಟ್ಟಿ ಒಣಗಿಸಿ ಸುಡುತ್ತಾರೆ, ಬೂದಿಯನ್ನು ನೀರಿನಲ್ಲಿ ಕದಡಿ ಸೋಸಿ ಗಟ್ಟಿ ಮಾಡುತ್ತಾರೆ. ನೋಡುತ್ತಾ ನಿಂತವನಿಗೆ ಮೈ ಜುಮ್ಮೆಂದಿತು. ನಾನು ದಿನವೂ ಹಣೆಗೆ ಹಚ್ಚಿಕೊಳ್ಳುವುದೂ ಸುಟ್ಟ ಸಗಣಿಯೇ ಅಲ್ಲವೇ! ಆ ದನಗಾಹಿಗಳು ಹಬ್ಬದ ಬೆಂಕಿ ಹಾಕುತ್ತಿದ್ದಿರಬಹುದು ಎಂದು ಆಲ್ಚಿನ್ ಊಹಿಸಿದ್ದರು. ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುವ ನಾಡಿನವರಿಗೆ ಇದು ದೂರದ ಮಾತೇನಲ್ಲ. ಅಗೆದು ನೋಡಿದವರು ನನ್ನಿಂದ ಏನನ್ನೂ ಕಸಿದಿರಲಿಲ್ಲ. ಆ ದಿಬ್ಬಕ್ಕೆ ಕೈಮುಗಿಯಲು ಇನ್ನೊಂದು ಕಾರಣ ಕೊಟ್ಟಿದ್ದರು.

ಹನುಮ ಹುಟ್ಟಿದ್ದು ಆನೆಗೊಂದಿಯ ಅಂಜನಾದ್ರಿಯಲ್ಲೋ ತಿರುಮಲದಲ್ಲೋ ಎಂದು 2021ರಲ್ಲಿ ದೊಡ್ಡ ವಾದ ಎದ್ದಿತ್ತು. ಆ ವಾದಕ್ಕೆ ನಾನು ಹೋಗುವುದಿಲ್ಲ. ಅಂಜನಾದ್ರಿಯ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಏದುಸಿರು ಬಿಡುತ್ತಾ ಹತ್ತುವ ಮುದುಕಿಯರ ಮುಖ ನೋಡಿದರೆ ನನಗೆ ಸಾಕು.

ವಾಲಿಯ ಸಂಸ್ಕಾರ ಮುಗಿದ ಮೇಲೆ ರಾಮ ಸುಗ್ರೀವನಿಗೆ ಹೇಳುತ್ತಾನೆ: ಮಳೆಗಾಲದ ಮೊದಲ ತಿಂಗಳು ಶ್ರಾವಣ ಬಂದಿದೆ, ಇದು ದಂಡೆತ್ತುವ ಹೊತ್ತಲ್ಲ, ನೀನು ಊರಿಗೆ ಹೋಗು, ನಾನು ಲಕ್ಷ್ಮಣನೊಡನೆ ಈ ಬೆಟ್ಟದಲ್ಲಿರುತ್ತೇನೆ. ಆ ಬೆಟ್ಟ ನಮ್ಮ ಮಾಲ್ಯವಂತ ಎನ್ನುತ್ತಾರೆ ಇಲ್ಲಿಯವರು. ಸೀತೆಯ ಸುದ್ದಿಯಿಲ್ಲದೆ ಮಳೆಯ ತಿಂಗಳುಗಳನ್ನು ನೂಕುವುದೆಂದರೆ! ಅದಕ್ಕೇ ನಾನು ಶ್ರಾವಣದಲ್ಲಿ ಬರುತ್ತೇನೆ.

ಈ ಸಲ ದಿಬ್ಬದ ಮುಂದೆ ನಿಂತಾಗ ತುಂತುರು ಹನಿಯುತ್ತಿತ್ತು. ಬೆಳಿಗ್ಗೆ ವಿರೂಪಾಕ್ಷನ ಸನ್ನಿಧಿಯಲ್ಲಿ ಧರಿಸಿದ್ದ ವಿಭೂತಿ ಕರಗಿ ಹುಬ್ಬಿಗೆ ಇಳಿಯಿತು. ಒರೆಸಿಕೊಳ್ಳದೆ ಅಜ್ಜಿಯ ಪಾಲಿನದೂ ಸೇರಿಸಿ ಎರಡು ಸಲ ನಮಸ್ಕಾರ ಮಾಡಿದೆ.